ಮಿಂಚಿನ ನೀರಿನ ಮಷೀನು: ಕೊಟ್ಟಿಗೆಯಲ್ಲಿ ಮಾಡಿ ನೋಡಿದ ಲೆಕ್ಕ

ಗಾಳಿಯಿಂದ ಯೂರಿಯಾ ಮಾಡೋ ಮಷೀನಿನ ಬಗ್ಗೆ ಈ ಹದಿನೈದು ದಿನದಲ್ಲಿ ನನ್ನನ್ನು ಕೇಳಿದವರು ಕಮ್ಮಿ ಅಂದ್ರೂ ಎಂಟು ಜನ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಯ್ತು, ಅದಕ್ಕೆ ಒಂದೇ ಸಲ ಇಲ್ಲಿ ಬರೀತಿದ್ದೀನಿ. ಉದ್ದ ಆಗುತ್ತೆ, ಪುರುಸೊತ್ತು ಇದ್ದಾಗ ಓದಿ.

ಸಂತೆ ದಿನ ಡೆಮೊ ಕೊಟ್ಟು ಹೋದವರು ಹೇಳಿದ್ದು ಇಷ್ಟು. ಗಾಳಿಯಲ್ಲಿ ಸಾರಜನಕ ಇದೆ. ನಮ್ಮ ಮಷೀನು ಆ ಗಾಳಿಗೆ ಪ್ಲಾಸ್ಮಾ, ಅಂದ್ರೆ ಮಿಂಚು ಹೊಡೆಸುತ್ತೆ. ಆ ಗಾಳಿ ನೀರಿಗೆ ಇಳಿದು ಗೊಬ್ಬರದ ನೀರಾಗುತ್ತೆ. ಅದನ್ನು ಹಾಯಿಸಿದರೆ ಯೂರಿಯಾ ಮೂಟೆ ಮುಟ್ಟೋದೇ ಬೇಡ. ಬೆಲೆ 85 ಸಾವಿರ, ಮುಂಗಡ 10 ಸಾವಿರ. 2025ರ ಜುಲೈ-ಆಗಸ್ಟ್‌ನಲ್ಲಿ ಯೂರಿಯಾಕ್ಕೆ ನಾವು ಪಟ್ಟ ಪಾಡು ಯಾರಿಗೂ ಮರೆತಿಲ್ಲ. ಮೆಕ್ಕೆಜೋಳ ಮೊಣಕಾಲೆತ್ತರ ಬಂದಿದೆ, ಮಳೆ ಬಿದ್ದಿದೆ, ಮೇಲುಗೊಬ್ಬರ ಕೊಡೋ ಹೊತ್ತು ಅದೇ, ಅಂಗಡಿ ಮುಂದೆ ನೋಡಿದ್ರೆ ಬೆಳಗಿನ ಜಾವದಿಂದ ಸಾಲು. ಅಂಥ ಹೊತ್ತು ಕಂಡವನಿಗೆ ಯಾರೋ ಬಂದು "ಗಾಳಿಯಿಂದ ಮಾಡ್ಕೊಳ್ಳಿ" ಅಂದ್ರೆ ಕಿವಿ ನೆಟ್ಟಗಾಗೋದು ಸಹಜ. ಅದರಲ್ಲಿ ದಡ್ಡತನ ಏನೂ ಇಲ್ಲ.

ನನ್ನನ್ನೇ ಯಾಕೆ ಕೇಳ್ತಾರೆ ಅಂದ್ರೆ, ಅಂಥದೇ ಒಂದು ಚಿಕ್ಕ ಮಷೀನು ಎರಡು ವರ್ಷದಿಂದ ನಮ್ಮ ಕೊಟ್ಟಿಗೆಯಲ್ಲಿದೆ. ನಾನೇ ಕಟ್ಟಿದ್ದು. ಹವ್ಯಾಸಕ್ಕೆ. ರಾತ್ರಿ ಕೊಟ್ಟಿಗೆಯಲ್ಲಿ ನೀಲಿ ಬೆಳಕು ಮಿಣಮಿಣ ಅನ್ನೋದು ನೋಡಿ ಏನೋ ಮಾಟ ಮಾಡ್ತಾನೆ ಅಂದವರೂ ಇದ್ದಾರೆ. ಇರಲಿ.

ಮೊದಲೇ ಹೇಳಿಬಿಡ್ತೀನಿ: ಡೆಮೊದವರ ಮೊದಲ ಮೂರು ಮಾತು ನಿಜ. ನಾಲ್ಕನೆಯ ಮಾತಿಗೆ ಬಂದಾಗ ಲೆಕ್ಕ ಮಾಡಬೇಕು.

ಪ್ಲಾಸ್ಮಾ ಅಂದ್ರೆ ಹೆದರೋ ಪದ ಏನಲ್ಲ. ಮೋಟ್ರು ಬಂದ್ ಮಾಡುವಾಗ ಸ್ಟಾರ್ಟರ್ ಪಾಯಿಂಟ್ ಮಧ್ಯೆ ಚಟ್ ಅಂತ ನೀಲಿ ಕಿಡಿ ಹಾರುತ್ತಲ್ಲ, ವೆಲ್ಡಿಂಗ್ ಅಂಗಡಿಯಲ್ಲಿ ಕಣ್ಣು ಕುಕ್ಕೋ ಬೆಳಕು ಬರುತ್ತಲ್ಲ, ಮುಂಗಾರಿನ ಸಿಡಿಲು, ಎಲ್ಲ ಒಂದೇ ಜಾತಿ. ಗಾಳಿ ಸಾಮಾನ್ಯವಾಗಿ ಕರೆಂಟು ಬಿಡಲ್ಲ. ವೋಲ್ಟೇಜು ಸಾಕಷ್ಟು ಏರಿಸಿದರೆ ಗಾಳಿಯ ಕಣಗಳೇ ಒಡೆದು ಕರೆಂಟು ಹರಿಯೋ ದಾರಿ ಆಗುತ್ತೆ. ಒಂದು ಸೆಂಟಿಮೀಟರ್ ಒಣ ಗಾಳಿ ದಾಟೋಕೆ ಸುಮಾರು 30 ಸಾವಿರ ವೋಲ್ಟ್ ಬೇಕು ಅನ್ನೋದು ಪುಸ್ತಕದ ಲೆಕ್ಕ, ತುದಿ ಮೊನಚಾಗಿದ್ದರೆ ಕಮ್ಮಿಗೂ ಹಾರುತ್ತೆ. ಹಾಗೆ ಕಾದು ಬೆಳಗೋ ಗಾಳಿಯೇ ಪ್ಲಾಸ್ಮಾ.

ಇನ್ನು ಸಾರಜನಕ. ನಮ್ಮ ಒಂದೊಂದು ಎಕರೆ ಹೊಲದ ಮೇಲೂ ಆಕಾಶದವರೆಗೆ ನಿಂತಿರೋ ಗಾಳಿಯಲ್ಲಿ ಸುಮಾರು 31 ಸಾವಿರ ಟನ್ ಸಾರಜನಕ ಇದೆ. ತಮಾಷೆ ಅಲ್ಲ, ಗಾಳಿಯ ಭಾರದಿಂದ ಲೆಕ್ಕ ಹಾಕಿದರೆ ಅಷ್ಟೇ ಬರುತ್ತೆ. ಆದರೆ ಒಂದು ಕಾಳಷ್ಟೂ ಪೈರಿಗೆ ನೇರವಾಗಿ ದಕ್ಕಲ್ಲ. ಯಾಕೆ ಅಂದ್ರೆ ಅದರ ಕಣಗಳು ಎರಡೆರಡು ಜೋಡಿ. ಒಂದು ಜೋಡಿ ಎತ್ತಿಗೆ ಮೂರು ಹಗ್ಗ ಹಾಕಿ ಬಿಗಿದ ಹಾಗೆ. ಆ ಮೂರೂ ಹಗ್ಗ ಬಿಚ್ಚದೆ ಅವು ಬೇರೆ ಯಾವುದರ ಜೊತೆಗೂ ಹೂಡಲ್ಲ. ಮಿಂಚಿನ ಬಿಸಿಗೆ ಹಗ್ಗ ಹರಿಯುತ್ತೆ, ಬಿಡಿಯಾದ ಕಣ ಪಕ್ಕದಲ್ಲಿರೋ ಆಮ್ಲಜನಕದ ಜೊತೆ ಸೇರುತ್ತೆ, ಅದು ನೀರಿಗೆ ಸಿಕ್ಕರೆ ನೈಟ್ರಿಕ್ ಆಸಿಡ್ ಆಗುತ್ತೆ. ಅದರೊಳಗಿರೋ ನೈಟ್ರೇಟನ್ನು ಬೇರು ಹೀರುತ್ತೆ. ಯೂರಿಯಾ ಹಾಕಿದರೂ ಮಣ್ಣಲ್ಲಿ ಕೊನೆಗೆ ಬಹುಪಾಲು ಆಗೋದು ಇದೇ ನೈಟ್ರೇಟ್.

ಇದು ಹೊಸ ವಿಷಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನೂರಿಪ್ಪತ್ತು ವರ್ಷ ಹಳೇದು. ನಾರ್ವೆ ದೇಶದಲ್ಲಿ ಕ್ರಿಸ್ಟಿಯಾನ್ ಬಿರ್ಕ್‌ಲ್ಯಾಂಡ್ ಅಂತ ಒಬ್ಬ ವಿಜ್ಞಾನಿ. ಕರೆಂಟಿನಿಂದ ಗುಂಡು ಹಾರಿಸೋ ಫಿರಂಗಿ ಮಾಡೋಕೆ ಹೊರಟಿದ್ದ. ಜನರೆದುರು ತೋರಿಸುವಾಗ ಅದು ಶಾರ್ಟ್ ಆಗಿ ಭಯಂಕರ ಕಿಡಿ ಎದ್ದಿತು. ಸ್ಯಾಮ್ ಐಡೆ ಅನ್ನೋ ಇಂಜಿನಿಯರ್‌ಗೆ ಆಗ ಬೇಕಾಗಿದ್ದದ್ದೂ ಅಂಥದೇ ದೊಡ್ಡ ಮಿಂಚು. 1903ರಲ್ಲಿ ಇಬ್ಬರೂ ಸೇರಿದರು. ಕರೆಂಟಿನ ಕಿಡಿಯನ್ನು ಆಯಸ್ಕಾಂತದ ನಡುವೆ ಇಟ್ಟು ರೊಟ್ಟಿ ತಟ್ಟಿದ ಹಾಗೆ ಅಗಲ ಮಾಡಿದರು. ಆ ಬೆಂಕಿರೊಟ್ಟಿಯ ಮೂಲಕ ಗಾಳಿ ಊದಿ, ಬಂದದ್ದನ್ನು ನೀರಿಗೆ ಇಳಿಸಿ, ಸುಣ್ಣದಕಲ್ಲಿನ ಜೊತೆ ಸೇರಿಸಿ ಕ್ಯಾಲ್ಸಿಯಂ ನೈಟ್ರೇಟ್ ಮಾಡಿ ಮಾರಿದರು. ಇವತ್ತು ಟೊಮ್ಯಾಟೊ ಹಾಕೋರು ಡ್ರಿಪ್‌ನಲ್ಲಿ ಬಿಡ್ತೀರಲ್ಲ, ಆ ಕ್ಯಾಲ್ಸಿಯಂ ನೈಟ್ರೇಟೇ. 1905ರಲ್ಲಿ ಅದಕ್ಕಾಗಿ ನಾರ್ಸ್ಕ್ ಹೈಡ್ರೋ ಅನ್ನೋ ಕಂಪನಿ ಹುಟ್ಟಿತು, ಅದರ ಗೊಬ್ಬರದ ಭಾಗ 2004ರಲ್ಲಿ ಬೇರೆಯಾಗಿ ಯಾರಾ ಆಯಿತು. ಆ ಹೆಸರಿನ ಚೀಲ ನಮ್ಮ ಗೊಬ್ಬರದ ಅಂಗಡಿಗಳಲ್ಲೂ ಸಿಗುತ್ತೆ.

ಹಾಗಾದ್ರೆ ಈಗ ಯಾಕೆ ಹಾಗೆ ಮಾಡಲ್ಲ? ಕರೆಂಟು. ನಾರ್ವೆಯಲ್ಲಿ ಜಲಪಾತಗಳು ಬೇಕಾದಷ್ಟು, ಕರೆಂಟು ಅಗ್ಗ. ನಮ್ಮ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು, ಅವರದ್ದು ಗೊಬ್ಬರಕ್ಕೆ ಹೋಯಿತು. ಅಷ್ಟಿದ್ದೂ ಅವರ ದೊಡ್ಡ ಕಾರ್ಖಾನೆಯಲ್ಲಿ ಒಂದು ಟನ್ ನೈಟ್ರಿಕ್ ಆಸಿಡ್‌ಗೆ ಸುಮಾರು 15 ಸಾವಿರ ಯೂನಿಟ್ ಸುಡ್ತಿತ್ತು. 1913ರಲ್ಲಿ ಜರ್ಮನಿಯ ಒಪ್ಪಾವ್‌ನಲ್ಲಿ ಹೇಬರ್-ಬಾಷ್ ವಿಧಾನದ ಕಾರ್ಖಾನೆ ಶುರುವಾಯಿತು. ಅದರಲ್ಲಿ ಮಿಂಚು ಇಲ್ಲ, ಒತ್ತಡ ಮತ್ತು ಬಿಸಿಯಲ್ಲಿ ಅಮೋನಿಯಾ ಮಾಡೋದು. ಖರ್ಚು ಎಷ್ಟೋ ಕಮ್ಮಿ. 1920ರ ದಶಕದ ಕೊನೆಗೆ ನಾರ್ವೆಯ ಅದೇ ಕಂಪನಿ ಕೂಡ ಆ ಕಡೆಗೇ ವಾಲಿತು. ಮಿಂಚು ಮಾಡಿ ಹೆಸರಾದವರೇ ಮಿಂಚು ಬಿಟ್ಟರು ಅನ್ನೋದು ನೆನಪಿರಲಿ.

ಈಗ ನನ್ನ ಮಷೀನು. ಇದನ್ನು ಕಟ್ಟೋ ವಿಧಾನ ಅಂತ ಬರೀತಿಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ. ಏನೇನಿದೆ ಅಂತ ಮಾತ್ರ: ಗುಜರಿಯಲ್ಲಿ ಸಿಕ್ಕ ಹಳೇ ಬೈಕಿನ ಇಗ್ನಿಷನ್ ಕಾಯಿಲ್, ಅದನ್ನು ಆನ್-ಆಫ್ ಮಾಡೋಕೆ ಪೇಟೆಯ ರೇಡಿಯೊ ರಿಪೇರಿಯವರು ಮಾಡಿಕೊಟ್ಟ ಚಿಕ್ಕ ಸರ್ಕೀಟು, ಔಷಧಿ ಹೊಡೆಯೋ ಪಂಪಿನ 12 ವೋಲ್ಟ್ ಬ್ಯಾಟರಿ, ಮೀನಿನ ತೊಟ್ಟಿಗೆ ಗಾಳಿ ಬಿಡೋ ಪಂಪು, ದಪ್ಪ ಗಾಜಿನ ಉಪ್ಪಿನಕಾಯಿ ಜಾಡಿ, ಎರಡು ಸ್ಟೀಲ್ ಕಡ್ಡಿ. ಜಾಡಿಯೊಳಗೆ ಕಡ್ಡಿಗಳ ನಡುವೆ ಕಿಡಿ ಹಾರುತ್ತೆ, ಪಂಪು ಆ ಗಾಳಿಯನ್ನು ಒಂದು ಪೈಪಿನಲ್ಲಿ ಪಕ್ಕದ ಬಾಟಲಿಯ ನೀರಿನೊಳಗೆ ಗುಳುಗುಳು ಅನ್ನಿಸುತ್ತೆ. ಎಲ್ಲ ಸೇರಿ 20 ವ್ಯಾಟ್ ಎಳೆಯುತ್ತೆ. ಮನೆ ಕರೆಂಟಿಗೆ ಯಾವ ಸಂಬಂಧವೂ ಇಲ್ಲ, ಬ್ಯಾಟರಿ ಮಾತ್ರ. ಅದು ನಾನು ಮೊದಲ ದಿನವೇ ಹಾಕಿಕೊಂಡ ಕಟ್ಟು.

ಕೆಲಸ ಮಾಡುವಾಗ ನೋಡೋಕೆ ಚೆಂದ. ಸುಳ್ಳು ಯಾಕೆ ಹೇಳಲಿ, ಅದಕ್ಕೇ ಎರಡು ವರ್ಷದಿಂದ ಬಿಟ್ಟಿಲ್ಲ. ಕಡ್ಡಿ ತುದಿಯಲ್ಲಿ ನೇರಳೆ ಬಣ್ಣದ ಎಳೆ ಎದ್ದು ಚರಚರ ಅಂತ ಕುಣಿಯುತ್ತೆ. ಮಳೆಗಾಲದಲ್ಲಿ ಗಾಜಿಗೆ ತೇವ ಹತ್ತಿದಾಗ ಕಿಡಿ ಎಲ್ಲಿ ಹಾರಬೇಕೋ ಅಲ್ಲಿ ಹಾರದೆ ಜಾಡಿಯ ಮೈಮೇಲೆ ಹರಿದಾಡುತ್ತೆ, ಆಗ ಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಟ್ಟು ಒಣಗಿಸಬೇಕು. ಒಂದು ತಿಂಗಳಿಗೆ ಸ್ಟೀಲ್ ಕಡ್ಡಿ ತುದಿ ಇಲಿ ಕಡಿದ ಹಾಗೆ ಆಗುತ್ತೆ. ವಾಸನೆ ಎರಡು ಥರ: ಮೊದಲು ಸಿಡಿಲು ಬಡಿದ ಮೇಲೆ ಬರುತ್ತಲ್ಲ ಅಂಥ ಚುರುಕು ವಾಸನೆ, ಅದು ಓಝೋನ್. ಸ್ವಲ್ಪ ಹೊತ್ತಾದ ಮೇಲೆ ಮೂಗಿಗೆ ಕಟುವಾಗಿ ಚುಚ್ಚೋ ವಾಸನೆ, ಅದು ನೈಟ್ರೋಜನ್ ಡೈಆಕ್ಸೈಡ್. ಎರಡನೆಯದು ಬಂತು ಅಂದ್ರೆ ಮಷೀನು ಕೆಲಸ ಮಾಡ್ತಿದೆ ಅಂತ ಅರ್ಥ, ನಾವು ಅಲ್ಲಿಂದ ದೂರ ಹೋಗಬೇಕು ಅಂತಲೂ ಅರ್ಥ. ನಾನು ದನ ಕಟ್ಟಿದಾಗ ಎಂದೂ ಹಚ್ಚಲ್ಲ. ಎರಡೂ ಕಡೆ ಬಾಗಿಲು ತೆಗೆದು, ಹಚ್ಚಿ, ಹೊರಗೆ ಬಂದು ಕೂರ್ತೀನಿ.

ನೀರಿನಲ್ಲಿ ಎಷ್ಟು ಬಂತು ಅಂತ ನೋಡೋಕೆ ನೈಟ್ರೇಟ್ ಪಟ್ಟಿ ಸಿಗುತ್ತೆ. ನೀರಿಗೆ ಅದ್ದಿ ಒಂದು ನಿಮಿಷ ಬಿಟ್ಟರೆ ಬಿಳಿಯಿಂದ ಗುಲಾಬಿಗೆ, ಜಾಸ್ತಿ ಇದ್ದರೆ ನೇರಳೆಗೆ ತಿರುಗುತ್ತೆ. ಡಬ್ಬಿ ಮೇಲಿನ ಬಣ್ಣದ ಜೊತೆ ಹೋಲಿಸಿ ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ಓದೋದು. ಕರಾರುವಾಕ್ಕು ಅಲ್ಲ, ಅಂದಾಜು. ಆದರೆ ರೈತನಿಗೆ ಆ ಅಂದಾಜು ಸಾಕು.

ಮಾಳಿಗೆ ಮೇಲಿಂದ ಹಿಡಿದ ಮಳೆನೀರು ಒಂದು ಲೀಟರ್ ತಗೊಂಡೆ. ಹಚ್ಚೋ ಮುಂಚೆ ಪಟ್ಟಿ ಅದ್ದಿದೆ, ಬಿಳಿ. ಮೂರು ಗಂಟೆ ಹಚ್ಚಿದೆ. ಆಮೇಲೆ ಅದ್ದಿದರೆ ಪಟ್ಟಿ 50ಕ್ಕೂ 100ಕ್ಕೂ ನಡುವೆ ನಿಂತಿತು. 75 ಅಂತ ಇಟ್ಟುಕೊಳ್ಳೋಣ. ಪಿಎಚ್ ಕಾಗದ 3 ತೋರಿಸಿತು, ಅಂದ್ರೆ ನಿಂಬೆರಸದ ಹತ್ತಿರ ಹೋಗೋ ಹುಳಿ. ಮಿಂಚು ಗೊಬ್ಬರ ಮಾಡಿದ್ದು ನಿಜ! ಆ ದಿನ ನನಗೆ ಆದ ಖುಷಿ ಹೇಳೋಕಾಗಲ್ಲ. ನಮ್ಮನೆಯವಳನ್ನು ಕರೆದು ತೋರಿಸಿದೆ. ಅವಳು ಬಾಟಲಿ ನೋಡಿ, "ಇಷ್ಟು ನೀರಿಗೆ ಮೂರು ತಾಸು ಕೂತ್ರಾ? ಎಮ್ಮೆ ಹಿಂಡಿದ್ರೆ ಇಷ್ಟೊತ್ತಿಗೆ ಡೇರಿಗೆ ಹಾಲಾದ್ರೂ ಹೋಗೋದು" ಅಂದಳು.

ಲೆಕ್ಕ ಅವಳ ಕಡೆಗೇ ಇದೆ. 75 ಮಿಲಿಗ್ರಾಂ ನೈಟ್ರೇಟಿನಲ್ಲಿ ಸಾರಜನಕ ಮಾತ್ರ ಲೆಕ್ಕ ಹಾಕಿದರೆ 17 ಮಿಲಿಗ್ರಾಂ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46. ಹಾಗಾಗಿ 17 ಮಿಲಿಗ್ರಾಂ ಅಂದ್ರೆ 37 ಮಿಲಿಗ್ರಾಂ ಯೂರಿಯಾ. ಅಂಗೈ ಮೇಲೆ ಹಾಕಿದರೆ ಒಂಬತ್ತೋ ಹತ್ತೋ ಹರಳು. ಮೂರು ಗಂಟೆ ಮಿಂಚಿಗೆ ಹತ್ತು ಹರಳು.

ಒಂದು ಮೂಟೆ 45 ಕೆಜಿ, ಅದರಲ್ಲಿ ಸಾರಜನಕ 20.7 ಕೆಜಿ. ನನ್ನ ಜಾಡಿಯಲ್ಲಿ ಒಂದು ಮೂಟೆಯಷ್ಟು ಮಾಡೋಕೆ ಹಗಲು ರಾತ್ರಿ ಬಿಡದೆ ಹಚ್ಚಿದರೆ 400 ವರ್ಷದ ಮೇಲೆ ಬೇಕು. ಕರೆಂಟು 70 ಸಾವಿರ ಯೂನಿಟ್ ದಾಟುತ್ತೆ. ವಿಜಯನಗರದ ಕಾಲದಲ್ಲಿ ಹಚ್ಚಿದ್ದರೆ ಈಗ ಒಂದು ಮೂಟೆ ಕೈಗೆ ಬರ್ತಿತ್ತು.

"ನಿನ್ನದು ಆಟದ ಸಾಮಾನು, ಅವರದ್ದು ಕಂಪನಿ ಮಷೀನು" ಅಂತ ಒಬ್ಬರು ಅಂದರು. ಸರಿಯಾದ ಮಾತು. ಹಾಗಾಗಿ ನನ್ನ ಜಾಡಿ ಬಿಟ್ಟುಬಿಡೋಣ, ನಾರ್ವೆಯ ಕಾರ್ಖಾನೆಯ ಲೆಕ್ಕವನ್ನೇ ಅವರಿಗೆ ಕೊಡೋಣ. ಬೆಟ್ಟದಷ್ಟು ದೊಡ್ಡ ಕುಲುಮೆ ಇಟ್ಟುಕೊಂಡು ಅವರು ತೆಗೆದದ್ದು ಒಂದು ಯೂನಿಟ್‌ಗೆ ಸುಮಾರು 60 ಗ್ರಾಂ ನೈಟ್ರಿಕ್ ಆಸಿಡ್, ಅಂದ್ರೆ 13 ಗ್ರಾಂ ಸಾರಜನಕ. ಆ ಲೆಕ್ಕದಲ್ಲಿ ಒಂದು ಮೂಟೆ ಯೂರಿಯಾಕ್ಕೆ ಸಮ ಆಗೋಕೆ ಸುಮಾರು 1,550 ಯೂನಿಟ್. ಡೆಮೊ ಮಷೀನಿನ ಹಿಂದಿನ ಚೀಟಿಯ ಫೋಟೊ ನಮ್ಮ ಹುಡುಗ ಒಬ್ಬ ತೆಗೆದು ಕಳಿಸಿದ್ದ, ಅದರಲ್ಲಿ 500 ವ್ಯಾಟ್ ಅಂತಿದೆ. ಎರಡು ಗಂಟೆಗೆ ಒಂದು ಯೂನಿಟ್. ದಿನಕ್ಕೆ ಏಳು ಗಂಟೆ ಹಚ್ಚಿದರೆ ಒಂದು ಮೂಟೆಗೆ 440 ದಿನ. ಖುಷ್ಕಿ ಮೆಕ್ಕೆಜೋಳಕ್ಕೆ ಎಕರೆಗೆ 40 ಕೆಜಿ ಸಾರಜನಕ ಅಂತ ಶಿಫಾರಸು, ಅಂದ್ರೆ ಹತ್ತಿರ ಹತ್ತಿರ ಎರಡು ಮೂಟೆಯಷ್ಟು. ಒಂದು ಎಕರೆ, ಒಂದು ಬೆಳೆಗೆ ಎರಡೂವರೆ ವರ್ಷ ಹಚ್ಚಬೇಕು. ಮೂಟೆ ಬೆಲೆ 270 ರೂಪಾಯಿ ಆಸುಪಾಸು. ಅದೂ ಸಿಕ್ಕಾಗ, ಗೊತ್ತು.

"ಪಂಪ್‌ಸೆಟ್ಟಿಗೆ ಕರೆಂಟು ಹೆಂಗೂ ಫ್ರೀ ಐತಲ್ಲಣ್ಣ" ಅಂತ ಡೆಮೊದಲ್ಲಿ ಹೇಳಿದ್ದಾರಂತೆ. ಈ ಮಾತಿಗೆ ನನಗೆ ನಿಜಕ್ಕೂ ಸಿಟ್ಟು ಬಂತು. ಫ್ರೀ ಇರೋದು 10 ಎಚ್‌ಪಿವರೆಗೆ, ತ್ರೀಫೇಸ್ ಸಿಗೋದು ದಿನಕ್ಕೆ ಏಳು ಗಂಟೆ, ಅದೂ ಎಲ್ಲ ದಿನ ಅಲ್ಲ. 10 ಎಚ್‌ಪಿ ಪೂರ್ತಿ ಮಿಂಚಿಗೇ ಕೊಟ್ಟು, ಬೋರ್ ಬಂದ್ ಮಾಡಿ, ಪೈರು ಒಣಗಿಸಿಕೊಂಡು ಕೂತರೂ ನಾರ್ವೆ ಲೆಕ್ಕದಲ್ಲಿ ಒಂದು ಮೂಟೆಗೆ ಒಂದು ತಿಂಗಳು. ಕರೆಂಟು ಫ್ರೀ ಇರಬಹುದು, ಆ ಏಳು ಗಂಟೆ ಫ್ರೀ ಅಲ್ಲ.

ಅವರಿಗೆ ನ್ಯಾಯವಾಗಿ ಒಂದು ಮಾತು ಹೇಳಬೇಕು. ಪ್ಲಾಸ್ಮಾ ಹೊಡೆದ ನೀರಿನ ಮೇಲೆ ದೊಡ್ಡ ದೊಡ್ಡ ಕಡೆ ಸಂಶೋಧನೆ ನಡೀತಿರೋದು ನಿಜ. ಬೀಜದ ಮೇಲಿನ ಬೂಜು ಸಾಯಿಸೋಕೆ, ಮೊಳಕೆ ಬೇಗ ಬರಿಸೋಕೆ ಅಂತ. ನಾನೂ ಅಲಸಂದೆ 50 ಕಾಳು ಮಾಮೂಲಿ ನೀರಿನಲ್ಲಿ, 50 ಕಾಳು ಮಿಂಚಿನ ನೀರಿನಲ್ಲಿ ನೆನೆಸಿ ಗೋಣಿ ತಾಟಿನಲ್ಲಿ ಸುತ್ತಿಟ್ಟಿದ್ದೆ. ಒಂದರಲ್ಲಿ 44 ಮೊಳೆತವು, ಇನ್ನೊಂದರಲ್ಲಿ 46. ಇನ್ನೊಂದು ಸಲ ಮಾಡಿದರೆ ಉಲ್ಟಾ ಬರಬಹುದು. ಎರಡು ಕಾಳಿನ ವ್ಯತ್ಯಾಸ ಹಿಡ್ಕೊಂಡು 85 ಸಾವಿರ ಯಾರೂ ಕೊಡಬಾರದು. ಬೀಜೋಪಚಾರದ ಮಷೀನು ಅಂತ ಮಾರಿದರೆ ಅದು ಬೇರೆ ಚರ್ಚೆ. ಯೂರಿಯಾ ಬದಲು ಅಂತ ಮಾರೋದು ಬೇರೆ.

ಇಲ್ಲಿ ಹಿರಿಯರು ಒಂದು ಪ್ರಶ್ನೆ ಎತ್ತಿದರು. ಗುಡುಗು-ಸಿಡಿಲಿನ ಮಳೆ ಬಂದ ಮಾರನೇ ದಿನ ಪೈರು ಕಡುಹಸಿರು ಆಗುತ್ತಲ್ಲ, ಅದು ಮಿಂಚಿನ ಗೊಬ್ಬರ ಅಲ್ವಾ? ಚಿಕ್ಕಂದಿನಿಂದ ನಾನೂ ಹಾಗೇ ಕೇಳಿಕೊಂಡು ಬಂದವನು. ಇಡೀ ಭೂಮಿ ಮೇಲೆ ಒಂದು ವರ್ಷದ ಸಿಡಿಲೆಲ್ಲ ಸೇರಿ ಮಾಡೋ ಸಾರಜನಕ ಸುಮಾರು 50 ಲಕ್ಷ ಟನ್ ಅಂತ ಅಂದಾಜು. ದೊಡ್ಡ ಅಂಕಿ ಅನ್ನಿಸುತ್ತೆ. ಭೂಮಿಯ ಮೇಲೆಲ್ಲ ಹರಡಿದರೆ ಎಕರೆಗೆ ವರ್ಷಕ್ಕೆ 40 ಗ್ರಾಂ. ಸಿಡಿಲು ಜಾಸ್ತಿ ಇರೋ ನಮ್ಮಂಥ ಕಡೆ ಅದರ ಕೆಲವು ಪಟ್ಟು ಅಂದುಕೊಂಡರೂ ಒಂದು ಹಿಡಿ ಯೂರಿಯಾ. ಪೈರು ಹಸಿರಾಗೋದು ಮಾತ್ರ ಸುಳ್ಳಲ್ಲ, ಕಣ್ಣಾರೆ ಕಂಡಿದ್ದೀವಿ. ಅದರ ದೊಡ್ಡ ಕಾರಣ ಮಣ್ಣಲ್ಲಿದೆ. ಒಣಗಿ ಬಿರಿದ ಮಣ್ಣಿಗೆ ಮಳೆ ಬಿದ್ದ ಕೂಡಲೇ ಅದರಲ್ಲಿರೋ ಸೂಕ್ಷ್ಮಜೀವಿಗಳು ಎದ್ದು, ಕೊಳೆತ ಕಸ-ಕಡ್ಡಿ, ಹಟ್ಟಿಗೊಬ್ಬರ ಎಲ್ಲ ತಿಂದು, ಒಂದೇ ಸಲಕ್ಕೆ ಸಾರಜನಕ ಬಿಡ್ತವೆ. 1950ರ ದಶಕದಲ್ಲಿ ಕೀನ್ಯಾದಲ್ಲಿ ಕೆಲಸ ಮಾಡ್ತಿದ್ದ ಬರ್ಚ್ ಅನ್ನೋ ವಿಜ್ಞಾನಿ ಇದನ್ನು ಅಳೆದು ತೋರಿಸಿದ, ಅವನ ಹೆಸರಲ್ಲೇ ಬರ್ಚ್ ಪರಿಣಾಮ ಅಂತಾರೆ. ಮಾಗಿ ಉಳುಮೆ ಮಾಡಿ ಬಿಸಿಲಿಗೆ ಮಣ್ಣು ಕಾಯಿಸೋ ನಮ್ಮ ಹಿರಿಯರ ರೂಢಿ ನೆನಪಾಗುತ್ತೆ. ಹಾಗಾಗಿ ಹಟ್ಟಿಗೊಬ್ಬರ ಕಂಡ ಹೊಲ ಮೊದಲ ಮಳೆಗೆ ಹಸಿರಾಗುತ್ತೆ, ಬರೀ ಕಲ್ಲುಮಣ್ಣಿನ ಹೊಲ ಎಷ್ಟು ಸಿಡಿಲು ಹೊಡೆದರೂ ಹಾಗೇ ಇರುತ್ತೆ. ನಮ್ಮೂರಲ್ಲೇ ಎರಡೂ ಥರದ ಹೊಲ ಇವೆ, ಯಾರದ್ದು ಅಂತ ಬರೆಯೋದು ಬೇಡ.

ಇನ್ನು ಸಾರಜನಕದ ಆ ಮೂರು ಹಗ್ಗವನ್ನು ಬೆಂಕಿ ಇಲ್ಲದೆ ಬಿಚ್ಚೋ ವಿದ್ಯೆ ಅಲಸಂದೆ, ಸೆಣಬು, ಡಯಂಚದ ಬೇರಿನ ಗಂಟಿನಲ್ಲಿರೋ ರೈಜೋಬಿಯಂಗೆ ಗೊತ್ತು. ಹೂ ಬಿಡೋ ಹೊತ್ತಿಗೆ ಡಯಂಚ ಉಳುಮೆ ಮಾಡಿ ಸೇರಿಸಿದರೆ ಎಕರೆಗೆ 20-30 ಕೆಜಿ ಸಾರಜನಕ ಸಿಗುತ್ತೆ, ಅಂದ್ರೆ ಒಂದು ಮೂಟೆಯ ಮೇಲೆ. ಗಂಟು ಒಡೆದು ನೋಡಿ, ಒಳಗೆ ಕೆಂಪಗಿದ್ದರೆ ಕೆಲಸ ನಡೀತಿದೆ ಅಂತ. ಇದನ್ನು ಇಲ್ಲಿ ಮುಂಚೆ ಬರೆದಿದ್ದೀನಿ, ಮತ್ತೆ ಎಳೆಯಲ್ಲ.

ಈಗ ಮುಖ್ಯ ವಿಷಯ. ದುಡ್ಡು ಹೋದರೆ ಹೋಗ್ಲಿ, ಇದರಲ್ಲಿ ಪ್ರಾಣ ಹೋಗುತ್ತೆ.

ನಮ್ಮೂರ ಇಬ್ಬರು ಡಿಪ್ಲೊಮಾ ಹುಡುಗರು ಡೆಮೊ ನೋಡಿ ಬಂದು, "ಅಂಕಲ್, 85 ಸಾವಿರ ಯಾಕೆ, ನಾವೇ ಮಾಡ್ತೀವಿ, ವಿಡಿಯೊದಲ್ಲಿ ಐತೆ" ಅಂತ ಒಂದು ಹಳೇ ಮೈಕ್ರೋವೇವ್ ಓವನ್ ಹೊತ್ತುಕೊಂಡು ಬಂದರು. ಅದರೊಳಗಿನ ಟ್ರಾನ್ಸ್‌ಫಾರ್ಮರ್ ಬಿಚ್ಚಿ ಮಿಂಚು ಮಾಡೋದಂತೆ. ನಾನು ಇಬ್ಬರನ್ನೂ ಕೂರಿಸಿ, ಚಾ ಕುಡಿಸಿ, ಟ್ರಾನ್ಸ್‌ಫಾರ್ಮರ್ ನನ್ನ ಹತ್ತಿರ ಇಟ್ಟುಕೊಂಡು ಕಳಿಸಿದೆ.

ಅದರ ವೋಲ್ಟೇಜು 2,000 ಆಸುಪಾಸು. ನನ್ನ ಬೈಕ್ ಕಾಯಿಲ್ಲಿನದು 15-20 ಸಾವಿರ. ಸೋಲಾರ್ ಬೇಲಿಯದ್ದೂ 8-10 ಸಾವಿರ. ಹಾಗಾದ್ರೆ ಓವನ್ನಿನದೇ ಕಮ್ಮಿ ಅಪಾಯ ಅಲ್ವಾ ಅಂತ ಹುಡುಗರು ಕೇಳಿದರು. ಇಲ್ಲೇ ಎಲ್ಲರೂ ಎಡವೋದು. ಪಂಪ್ ಅಂಗಡಿಯಲ್ಲಿ ಹೆಡ್ ಎಷ್ಟು, ಡಿಸ್ಚಾರ್ಜ್ ಎಷ್ಟು ಅಂತ ಎರಡು ಕೇಳ್ತೀವಲ್ಲ. ವೋಲ್ಟೇಜು ಹೆಡ್ ಇದ್ದ ಹಾಗೆ, ಕರೆಂಟು ಡಿಸ್ಚಾರ್ಜ್ ಇದ್ದ ಹಾಗೆ. ಔಷಧಿ ಪಂಪಿನ ನಾಜಲ್‌ನಲ್ಲಿ ಒತ್ತಡ ಜೋರು, ಕೈಗೆ ಬಿದ್ದರೆ ಚುರ್ ಅನ್ನುತ್ತೆ ಅಷ್ಟೇ. ಭದ್ರಾ ಕಾಲುವೆಯಲ್ಲಿ ಒತ್ತಡ ಏನೂ ಇಲ್ಲ, ಆದರೆ ಎತ್ತನ್ನೂ ಎಳ್ಕೊಂಡು ಹೋಗುತ್ತೆ. ಸೋಲಾರ್ ಬೇಲಿಯ ಏಟು ಸೆಕೆಂಡಿಗೊಂದು, ಒಂದೊಂದು ಏಟೂ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಚಿಕ್ಕದು, ಹಾಗಾಗಿ ಹಸು ಹೆದರಿ ಹಿಂದೆ ಸರಿಯುತ್ತೆ, ಸಾಯಲ್ಲ. ಓವನ್ ಟ್ರಾನ್ಸ್‌ಫಾರ್ಮರಿನದು ಬಿಡದೆ ಹರಿಯೋ ಕಾಲುವೆ, ಅದೂ 2,000 ವೋಲ್ಟಿನ ಹೆಡ್ ಜೊತೆಗೆ. ಎದೆಯ ಮೂಲಕ ಹರಿದರೆ ಎರಡನೇ ಮಾತಿಲ್ಲ.

ಇನ್ನೂ ಕೆಟ್ಟದ್ದು ಏನು ಗೊತ್ತಾ? ಮನೆಯಲ್ಲಿ ಇಎಲ್‌ಸಿಬಿ ಇದೆ, ಟ್ರಿಪ್ ಆಗುತ್ತೆ ಅಂತ ಧೈರ್ಯ ಮಾಡೋಕಾಗಲ್ಲ. ಆ ಕರೆಂಟು ಟ್ರಾನ್ಸ್‌ಫಾರ್ಮರಿನಿಂದ ಹೊರಟು ನಮ್ಮ ಮೈ ದಾಟಿ ಟ್ರಾನ್ಸ್‌ಫಾರ್ಮರಿಗೇ ವಾಪಸ್ ಹೋಗುತ್ತೆ, ಗೋಡೆಯ ಮೇಲಿನ ಇಎಲ್‌ಸಿಬಿಗೆ ಸೋರಿದ ಲೆಕ್ಕ ಸಿಗೋದೇ ಇಲ್ಲ. ಎಂಸಿಬಿಗೂ ಗೊತ್ತಾಗಲ್ಲ, ಅದಕ್ಕೆ ಇದು ಒಂದು ಇಸ್ತ್ರಿ ಪೆಟ್ಟಿಗೆ ಹಚ್ಚಿದ ಹಾಗೆ. ಅಮೆರಿಕದಲ್ಲಿ ಮರದ ಹಲಗೆ ಮೇಲೆ ಮಿಂಚಿನ ಆಕಾರದ ಚಿತ್ರ ಸುಡೋಕೆ ಇದೇ ಟ್ರಾನ್ಸ್‌ಫಾರ್ಮರ್ ಬಳಸಿ 30ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಅವರಲ್ಲಿ ಕೆಲಸ ಬಲ್ಲವರೂ ಇದ್ದರು. ಹಂದಿಗೆ ಅಂತ ಬೇಲಿಗೆ ನೇರ ಲೈನ್ ಕೊಟ್ಟು ಆದ ಸಾವುಗಳು ನಮ್ಮ ಕಡೆ ನಾವು ನೋಡಿದ್ದೇ ಇದೆ. ಇದು ಅದಕ್ಕಿಂತ ಒಂದು ಕೈ ಮೇಲೆ.

ಕರೆಂಟಿನಿಂದ ಪಾರಾದರೂ ಹೊಗೆ ಇದೆ. ದೊಡ್ಡ ಕಿಡಿ ಮಾಡಿ ಮುಚ್ಚಿದ ಮೋಟ್ರು ಮನೆಯಲ್ಲಿ ಕೂತರೆ ಆ ಕಂದು ಗಾಳಿ ಕುಡಿದ ಹೊತ್ತಿನಲ್ಲಿ ಬರೀ ಕೆಮ್ಮು ಬರುತ್ತೆ, ಎದ್ದು ಹೊರಗೆ ಬಂದರೆ ಆರಾಮ ಅನ್ನಿಸುತ್ತೆ. ಆದರೆ ಗಂಟೆಗಳ ಮೇಲೆ, ಕೆಲವು ಸಲ ಮಾರನೇ ದಿನ, ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ಉಸಿರು ಕಟ್ಟುತ್ತೆ. ಹಾಗೆ ಯಾರಾದರೂ ಕುಡಿದಿದ್ದರೆ ಆರಾಮ ಇದ್ದೀನಿ ಅಂದರೂ ಬಿಡದೆ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಏನು ಕುಡಿದದ್ದು ಅಂತ ಡಾಕ್ಟರಿಗೆ ಹೇಳಿ. ಕಿಡಿಯನ್ನು ಬರಿಗಣ್ಣಿನಲ್ಲಿ ನೋಡ್ತಾ ಕೂತರೆ ವೆಲ್ಡಿಂಗ್ ನೋಡಿದ ಹಾಗೆ ರಾತ್ರಿ ಕಣ್ಣಿಗೆ ಮರಳು ಹಾಕಿದಂತಾಗುತ್ತೆ. ಈ ಕಾರಣಕ್ಕೇ ಕಟ್ಟೋ ವಿಧಾನ ಇಲ್ಲಿ ಹಾಕಿಲ್ಲ, ಕೇಳಿದರೂ ಹಾಕಲ್ಲ. ನೋಡಬೇಕು ಅಂದ್ರೆ ಬನ್ನಿ, ನನ್ನ 20 ವ್ಯಾಟಿನದು ತೋರಿಸ್ತೀನಿ. ಆ ಇಬ್ಬರು ಹುಡುಗರೂ ಈಗ ವಾರಕ್ಕೊಂದು ಸಲ ಬರ್ತಾರೆ, ಕಡ್ಡಿ ಉಜ್ಜಿ ಕೊಡೋ ಕೆಲಸ ಅವರದ್ದೇ.

ಕೊನೆಗೆ ಡೆಮೊದಲ್ಲಿ ಗುಲಾಬಿ ಆದ ಪಟ್ಟಿಯ ವಿಷಯ. "ನಮ್ಮ ಕಣ್ಣೆದುರೇ ಪಟ್ಟಿ ಬಣ್ಣ ಆಯ್ತಲ್ಲ" ಅಂತ ಎಂಟು ಜನದಲ್ಲಿ ಆರು ಜನ ಹೇಳಿದರು. ನಾನು ಎಲ್ಲರಿಗೂ ಒಂದೇ ಕೇಳಿದೆ: ಮಷೀನಿಗೆ ಹಾಕೋ ಮುಂಚೆ ಆ ನೀರಿಗೆ ಪಟ್ಟಿ ಅದ್ದಿದ್ರಾ? ಯಾರೂ ನೋಡಿರಲಿಲ್ಲ. ನೀರು ಯಾವುದು? ಪಕ್ಕದ ಬೋರಿನದ್ದು.

ನನ್ನ ಬೋರ್ ನೀರಿಗೆ, ಮಿಂಚು ಗಿಂಚು ಏನೂ ಇಲ್ಲದೆ, ಪಟ್ಟಿ ಅದ್ದಿದರೆ 50 ತೋರಿಸುತ್ತೆ. ಗುಲಾಬಿ. ವರ್ಷಾನುಗಟ್ಟಲೆ ನಾವು ಹಾಕಿದ ಯೂರಿಯಾ, ತಿಪ್ಪೆಯ ನೀರು, ಊರಿನ ಚರಂಡಿ, ಎಲ್ಲ ಬಸಿದು ಕೆಳಗೆ ಹೋದದ್ದು ಅಲ್ಲಿದೆ. ಅದೇ ಬೋರ್ ನೀರನ್ನು ನನ್ನ ಮಷೀನಿಗೆ ಮೂರು ಗಂಟೆ ಹಾಕಿ ನೋಡಿದೆ, ಪಿಎಚ್ ಕದಲಲೇ ಇಲ್ಲ. ಗಡಸು ನೀರಲ್ಲಿರೋ ಸುಣ್ಣದ ಅಂಶ ಅಷ್ಟು ಹುಳಿಯನ್ನು ನುಂಗಿ ಕೂತುಬಿಡುತ್ತೆ.

ಈ 50ರ ಲೆಕ್ಕ ಮಾಡಿದಾಗ ನನಗೆ ನಿದ್ದೆ ಬರಲಿಲ್ಲ. ಒಂದು ಎಕರೆಗೆ ಒಂದು ಇಂಚು ನೀರು ಕಟ್ಟಿದರೆ ಒಂದು ಲಕ್ಷ ಲೀಟರ್ ಚಿಲ್ಲರೆ. ಅದರಲ್ಲಿ ಸಾರಜನಕ 1.1 ಕೆಜಿಯ ಮೇಲೆ. ಬೆಳೆಗೆ ಎಂಟು ಇಂಚು ಹಾಯಿಸಿದರೆ 9 ಕೆಜಿ, ಅಂದ್ರೆ ಹತ್ತಿರ ಹತ್ತಿರ 20 ಕೆಜಿ ಯೂರಿಯಾ ಬೋರಿನಿಂದಲೇ ಬರ್ತಿದೆ. ಮಿಂಚಿನ ಹತ್ತು ಹರಳಿಗೆ ನಾನು ಜಾಡಿ ಕಾಯ್ತಾ ಕೂತಾಗ ಪಕ್ಕದ ಪೈಪಿನಲ್ಲಿ ಅರ್ಧ ಮೂಟೆ ಹರೀತಿತ್ತು. ಈ ವರ್ಷ ನೀರಾವರಿ ತಾಕಿನಲ್ಲಿ ಎರಡನೇ ಮೇಲುಗೊಬ್ಬರ ಅಷ್ಟು ಕಮ್ಮಿ ಮಾಡಿ, ಪಕ್ಕದಲ್ಲಿ ನಾಲ್ಕು ಸಾಲು ಪೂರ್ತಿ ಗೊಬ್ಬರ ಕೊಟ್ಟು ಬಿಟ್ಟಿದ್ದೀನಿ. ತೆನೆ ಮುರಿದ ಮೇಲೆ ತೂಕ ಹಾಕಿ ಇಲ್ಲೇ ಬರೀತೀನಿ.

ಇದರಲ್ಲಿ ಇನ್ನೊಂದು ಮುಖ ಇದೆ. ಕುಡಿಯೋ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್. 50 ಅಂದ್ರೆ ಅದರ ಮೇಲೆ. ಕಾಯಿಸಿದರೆ ಹೋಗಲ್ಲ, ನೀರು ಆವಿಯಾದಷ್ಟೂ ಗಟ್ಟಿ ಆಗುತ್ತೆ. ಆರು ತಿಂಗಳ ಒಳಗಿನ ಕೂಸಿಗೆ ಬಾಟಲಿ ಹಾಲು ಆ ನೀರಿನಲ್ಲಿ ಕಲಸಿದರೆ ಮೈ ನೀಲಿಗಟ್ಟಿ ಅಪಾಯ ಆಗಬಹುದು. ನಮ್ಮನೆಯಲ್ಲಿ ಕುಡಿಯೋಕೆ ಈಗ ಬೋರಿನದ್ದು ಬಿಟ್ಟಿದ್ದೀವಿ, ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರ್ತೀವಿ. ಆ ಘಟಕದ ನೀರಿಗೂ ಪಟ್ಟಿ ಅದ್ದಿ ನೋಡಿದ್ದೀನಿ, 10ರ ಕೆಳಗೆ ಇದೆ.

ಡಬ್ಬಿಯಲ್ಲಿ ಇನ್ನೂ 14 ಪಟ್ಟಿ ಉಳಿದಿವೆ. ಯಾರಾದರೂ ಮುಂಗಡ ಕೊಡೋ ಯೋಚನೆಯಲ್ಲಿದ್ದರೆ, ಆ ಮಷೀನಿನ ನೀರು ಒಂದು ಬಾಟಲಿ, ಅದಕ್ಕೆ ಹಾಕಿದ ಹಸಿ ನೀರು ಇನ್ನೊಂದು ಬಾಟಲಿ ತನ್ನಿ, ನಿಮ್ಮೆದುರೇ ಎರಡಕ್ಕೂ ಅದ್ದೋಣ. ಮನೆಯಲ್ಲಿ ಚಿಕ್ಕ ಕೂಸು ಇರೋರು ಮಷೀನಿನ ವಿಷಯ ಬಿಟ್ಟು ನಿಮ್ಮ ಬೋರ್ ನೀರು ಮೊದಲು ತನ್ನಿ. ಸಂಜೆ ಆರರ ಮೇಲೆ ಹಾಲು ಹಾಕಿ ಬಂದು ಮನೆಯಲ್ಲೇ ಇರ್ತೀನಿ.